ಬಾಯಲ್ಲಿ ಹೇಳಬಾರದ ಪಾಸ್‌ವರ್ಡ್

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಮದುವೆ ಕುದುರಿಸುವುದನ್ನೇ ಕಸುಬು ಮಾಡಿಕೊಂಡ ನನಗೆ ಇಷ್ಟು ವರ್ಷದಲ್ಲಿ ಸುಳ್ಳು ಹೇಳುವ ಅವಕಾಶವೇ ಸಿಗಲಿಲ್ಲ. ಗಂಡಿನವರೂ ಹೆಣ್ಣಿನವರೂ ತಮ್ಮ ತಮ್ಮ ಪಾಲಿನದನ್ನು ಮನೆಯಿಂದಲೇ ಹದಮಾಡಿ ತರುತ್ತಿದ್ದರು. ನಾನು ಜೋಡಿಸಿ ಕೊಡುತ್ತಿದ್ದೆ, ಅಷ್ಟೇ.

ನನ್ನ ವಧು-ವರರ ಕೇಂದ್ರ ಇರುವುದು ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ. ಕೇಂದ್ರ ಎಂದ ತಕ್ಷಣ ಏನೇನೋ ಕಲ್ಪಿಸಿಕೊಳ್ಳಬೇಡಿ. ಒಂದು ಮೇಜು, ಒಂದಿಷ್ಟು ಪ್ಲಾಸ್ಟಿಕ್ ಕುರ್ಚಿ, ಒಂದು ಟ್ಯಾಬು, ಮತ್ತು ನೌಕರಿಯಿಂದ ನಿವೃತ್ತರಾಗಿ ದಿನವಿಡೀ ಪೇಪರ್ ಹಿಡಿದು ಕೂತಿರುವ ನನ್ನ ಯಜಮಾನರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಬಸ್ಸುಗಳು ನಮ್ಮೂರ ಸ್ಟ್ಯಾಂಡಿಗೆ ಬರುವುದರಿಂದ, ಮದುವೆಗೆ ಬಂದ ಮಕ್ಕಳಿರುವ ತಂದೆತಾಯಿಗಳಿಗೆಲ್ಲ ನಮ್ಮ ಮನೆ ಹಾದಿಯಲ್ಲೇ ಸಿಗುತ್ತಿತ್ತು. ಸಂತೆಗೆಂದು ಬಂದವರು ಬದನೆಕಾಯಿ ಚೀಲವನ್ನು ಕುರ್ಚಿಯ ಕೆಳಗಿಟ್ಟು, ಅಳಿಯನನ್ನೂ ಒಮ್ಮೆ ನೋಡಿಕೊಂಡು ಹೋಗುತ್ತಿದ್ದರು.

ಫೋಟೋ, ಬಯೋಡಾಟಾ ಎಲ್ಲ ವಾಟ್ಸಾಪಿನಲ್ಲೇ ಓಡಾಡುತ್ತಿದ್ದವು. ಕೂಡ್ಲಿಗಿಯ ಒಬ್ಬ ಹುಡುಗಿಯ ಫೋಟೋವನ್ನು ಕೊಟ್ಟೂರಿನ ಒಂದೇ ಒಂದು ಮನೆಗೆ ಕಳಿಸಿ, "ನಿಮ್ಮಲ್ಲೇ ಇರಲಿ" ಎಂದು ಕೆಳಗೆ ಬರೆದೆ. ಸಂಜೆಯ ಹೊತ್ತಿಗೆ ಅದೇ ಫೋಟೋ ಹಡಗಲಿಯಿಂದ ನನಗೇ ವಾಪಸು ಬಂತು. "ಅಕ್ಕಾರ, ಚಲೋ ಹುಡುಗಿ ಐತಿ, ನಿಮ್ಮ ಕಡಿ ಯಾವ್ದರ ವರ ಇದ್ರ ನೋಡ್ರಿ" ಎಂಬ ಉಪಕಾರ ಬೇರೆ. ಅದರ ಕೆಳಗೆ "ನಿಮ್ಮಲ್ಲೇ ಇರಲಿ" ಎಂಬ ನನ್ನ ಮಾತೂ ಹಾಗೇ ಇತ್ತು. ನಡುವೆ ಎಷ್ಟು ಜನ ಅದನ್ನು ತಮ್ಮಲ್ಲೇ ಇಟ್ಟುಕೊಂಡರೋ ದೇವರಿಗೇ ಗೊತ್ತು. ಹುಡುಗಿಯ ಅಪ್ಪ ಬಂದು ನಮ್ಮ ಪಡಸಾಲೆಯಲ್ಲಿ ನಿಂತು ಬೈದ. ಬೈಸಿಕೊಂಡೆ. ಅವನು ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇದಾದ ಕೆಲವು ದಿನಕ್ಕೆ ಹರಪನಹಳ್ಳಿಯಿಂದ ಒಬ್ಬ ಹೈಸ್ಕೂಲು ಟೀಚರು ಬಂದಳು. ಮೂವತ್ತು ದಾಟಿದ ವಯಸ್ಸು, ಹತ್ತಿಯ ಸೀರೆ, ಕುರ್ಚಿಯ ತುದಿಯಲ್ಲೇ ಕೂತಳು. ಪೇಪರಿನ ಹಿಂದೆ ಯಜಮಾನರು ಇದ್ದಾರೆಂದು ತಿಳಿದು ದನಿ ಇಳಿಸಿದಳು. ಗಂಡ ತೀರಿಹೋಗಿ ಕೆಲವು ವರ್ಷವಾಗಿತ್ತು. ಬೈಕಿನಲ್ಲಿ ಹೋದವನು ಬೈಕಿನಲ್ಲಿ ಬರಲಿಲ್ಲ. ಮಕ್ಕಳಿರಲಿಲ್ಲ. ತವರಿನಲ್ಲಿ ತಂದೆತಾಯಿ ಇರಲಿಲ್ಲ. ಇದ್ದದ್ದು ಅತ್ತೆ ಒಬ್ಬಳೇ, ಅತ್ತೆಗೂ ಇವಳೊಬ್ಬಳೇ.

"ಎರಡನೇದು ಆಗಬೇಕಂತ ಮನಸಿಗೆ ಬಂದೈತ್ರಿ," ಎಂದಳು, ಏನೋ ಕಳವು ಮಾಡಿದವಳಂತೆ. "ಆದ್ರ ನಮ್ಮ ಅತ್ತಿಗೆ ಗೊತ್ತಾಗಬಾರದು. ಗೊತ್ತಾದ್ರ, ನನ್ನ ಮಗನ್ನ ಇಷ್ಟು ಜಲ್ದಿ ಮರತ್ಳಲ್ಲ ಅಂತಾರ. ಬಾಯಿ ಬಿಟ್ಟು ಅನ್ನಂಗಿಲ್ಲ, ಮನಸಿನ್ಯಾಗ ಅಂತಾರ. ಆಮ್ಯಾಲ ನಾ ಆ ಮನಿಯಾಗ ಹೆಂಗ ಮಾರಿ ತೋರಿಸ್ಲಿ? ಅವರನ್ನ ಬಿಟ್ರ ನನಗ ಯಾರದಾರ?"

"ಸಂಬಂಧ ಗಟ್ಟಿ ಆದ ಮ್ಯಾಲ ಹೇಳಬೇಕಾಗ್ತದಲ್ಲವ್ವ," ಎಂದೆ.

"ಆಗ ಕಾಲಿಗೆ ಬಿದ್ದು ಹೇಳ್ತೀನ್ರಿ. ಅದಕ್ಕ ಮೊದಲs ಬ್ಯಾರೆಯವರ ಬಾಯಿಂದ ಅವರ ಕಿವಿಗೆ ಬೀಳಬಾರದು. ನನ್ನ ಫೋಟೋ ಯಾರ ಫೋನಿಗೂ ಕಳಿಸಬ್ಯಾಡ್ರಿ."

ಫೋಟೋ ಕಳಿಸದೆ ಮದುವೆ ಕುದುರಿಸು ಎಂದರೆ ಹಿಟ್ಟಿಲ್ಲದೆ ರೊಟ್ಟಿ ತಟ್ಟು ಎಂದಹಾಗೆ. ಆದರೂ ಅವಳ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಎರಡನೇ ಸಂಬಂಧಗಳನ್ನು ಮರ್ಯಾದೆಯಿಂದ ನೋಡುವವರು ಈ ಕಡೆ ಬೇರೆ ಯಾರೂ ಇರಲಿಲ್ಲ. ಉಳಿದವರು ಎರಡನೆಯದು ಎಂದ ಕೂಡಲೇ ಸಂತೆಯಲ್ಲಿ ಉಳಿದ ತರಕಾರಿಯ ಹಾಗೆ ಮಾತಾಡುತ್ತಾರೆ. ಹಾಗಾಗಿ ಪಾಸ್‌ವರ್ಡ್ ಇರುವ ಒಂದು ಪೋರ್ಟಲ್ ಮಾಡಿಯೇ ಬಿಡುವುದೆಂದು ತೀರ್ಮಾನಿಸಿದೆ. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಪುಟ, ಅದಕ್ಕೊಂದು ಬೀಗ. ಬೀಗ ತೆಗೆದವರಿಗೆ ಅವರ ಬಯೋಡಾಟಾ, ಅವರಿಗೆ ನಾನು ಆರಿಸಿಟ್ಟ ಸಂಬಂಧಗಳು ಕಾಣಬೇಕು. ತಮ್ಮ ಪುಟವನ್ನು ಅವರು ತಮ್ಮ ಫೋನಿನಲ್ಲೂ ತೆರೆಯಬಹುದು. ಟೀಚರಂಥವರನ್ನು ನೋಡಬೇಕಾದ ಮನೆಯವರು ಮಾತ್ರ ಇಲ್ಲಿಗೇ ಬಂದು ನನ್ನ ಟ್ಯಾಬಿನಲ್ಲೇ ನೋಡಿಹೋಗಬೇಕು.

"ಮದುವಿ ಅಂದ್ರ ಊರಿಗೆಲ್ಲ ಹೇಳಿ ಮಾಡೋದು. ನೀ ಅದಕ್ಕ ಕೀಲಿ ಹಾಕಾಕ ಹೊಂಟೀಯಲ್ಲ," ಎಂದರು ಯಜಮಾನರು, ಪೇಪರ್ ಇಳಿಸದೆ. ನಿವೃತ್ತಿಯ ನಂತರ ಇವರು ಕೆಲಸವನ್ನಷ್ಟೇ ಬಿಟ್ಟಿದ್ದಾರೆ, ಮೇಲುಸ್ತುವಾರಿಯನ್ನಲ್ಲ.

ಯೂಟ್ಯೂಬಿನಲ್ಲಿ ಒಬ್ಬ ಗಡ್ಡದವನು ಸಿಕ್ಕ. "ತುಂಬಾ ಸಿಂಪಲ್" ಎಂದು ಶುರುಮಾಡಿದ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ನನ್ನ ಕಸುಬಿನಲ್ಲಿ "ನಮ್ಮದೇನಿಲ್ರಿ, ಸಿಂಪಲ್ಲಾಗಿ ಮಾಡಿಕೊಟ್ರ ಸಾಕು" ಎಂದ ಬೀಗರು ಮುಂದೆ ಏನೇನು ಮಾಡಿಸಿಕೊಂಡಿದ್ದಾರೆಂದು ನನಗೆ ಗೊತ್ತು. ಗಡ್ಡದವನೂ ಅದೇ ಜಾತಿ. ಚಹಾಕ್ಕೆ ನೀರಿಟ್ಟು ಕುದಿಸುವಷ್ಟರಲ್ಲಿ ಆಗುತ್ತದೆ ಎಂದವನ ಮಾತು ನಂಬಿ ನಾನು ಒಲೆಯ ಮೇಲೆ ಬೇಳೆ ಇಟ್ಟು ಕೂತೆ. ಬೇಳೆ ಸೀದು, ಪಾತ್ರೆ ಕಪ್ಪಾಗಿ, ಆ ಪಾತ್ರೆ ತಿಕ್ಕಿ ತಿಕ್ಕಿ ಬೆಳಗಾದ ಮೇಲೂ ಪೋರ್ಟಲ್ ಆಗಿರಲಿಲ್ಲ. ಒಂದು ಸಲ ಎಲ್ಲ ಸರಿಹೋಯಿತು ಅನ್ನುವಾಗ ಕರೆಂಟು ಹೋಯಿತು. ಇನ್ನೊಂದು ಸಲ ನಾನೇ ನನ್ನ ಪಾಸ್‌ವರ್ಡ್ ಮರೆತು ನನ್ನದೇ ಕೇಂದ್ರದ ಹೊರಗೆ ನಿಂತೆ. ಆದರೂ ಛಲ ಬಿಡಲಿಲ್ಲ. ಹಠಮಾರಿ ಹುಡುಗಿಯರನ್ನೇ ಒಪ್ಪಿಸಿದವಳು ನಾನು, ಈ ಟ್ಯಾಬು ಯಾವ ಲೆಕ್ಕ.

ಗಡ್ಡದವನ ಪ್ರಕಾರ ಪ್ರತಿ ಗಿರಾಕಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್ ಎರಡೂ ಇರಬೇಕು. ಅವನು ನಮ್ಮ ಕಡೆಯವನಲ್ಲ, ಪಾಪ. ನಮ್ಮಲ್ಲಿ ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಶಾಲೆಯ ಸರ್ಟಿಫಿಕೇಟಿನಲ್ಲಿ ಇನ್ನೊಂದು, ಮನೆಯಲ್ಲಿ ಕರೆಯುವುದು ಮತ್ತೊಂದು. ಹೋಗಲಿ, ಫೋನ್ ನಂಬರನ್ನೇ ಹೆಸರು ಮಾಡೋಣವೆಂದರೆ ಮನೆಗೆಲ್ಲ ಒಂದೇ ನಂಬರು, ಅದೂ ಆ ಹೊತ್ತಿಗೆ ಯಾರ ಕೈಯಲ್ಲಿದೆಯೋ ಅವರದು. ಅದಕ್ಕೇ ಹೆಸರಿನ ಗೊಡವೆಯೇ ಬೇಡವೆಂದು ಕಿತ್ತುಹಾಕಿದೆ. ಬರೀ ಪಾಸ್‌ವರ್ಡ್ ಒತ್ತಿದರೆ ಸಾಕು, ಆ ಪಾಸ್‌ವರ್ಡಿನ ಪುಟ ತೆರೆಯುತ್ತದೆ. ಅಂಕಿ ಬೇಕು, ಇಂಗ್ಲಿಷಿನ ದೊಡ್ಡ ಅಕ್ಷರ ಬೇಕು ಎಂಬ ಷರತ್ತುಗಳನ್ನೂ ತೆಗೆದು, ಕನ್ನಡದಲ್ಲೇ ಒತ್ತುವಂತೆ ಮಾಡಿದೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟರೆ ಮೊದಲು ಇಟ್ಟವರ ಪುಟವೇ ಇಬ್ಬರಿಗೂ ತೆರೆಯುತ್ತದೆ ಎಂದು ಗಡ್ಡದವನು ಎಚ್ಚರಿಸಿದ್ದ. ಐದು ತಾಲ್ಲೂಕಿನ ಜನಕ್ಕೆ ಒಂದೇ ಮಾತು ಹೊಳೆಯುತ್ತದೆಯೇ ಎಂದು ನಾನು ನಕ್ಕೆ.

ಟೀಚರು ಜಾಣೆ. "ಮೊದಲು ಉಳಿದವರದ್ದು ಹಾಕ್ರಿ ಅಕ್ಕಾರ. ಕೀಲಿ ಗಟ್ಟಿ ಐತೋ ಇಲ್ಲೋ ನೋಡಿ ಆಮ್ಯಾಲ ನಂದು ಹಾಕಿಸ್ತೀನಿ," ಎಂದಳು. ಪರೀಕ್ಷೆಗೆ ಮಕ್ಕಳನ್ನು ಕೂರಿಸಿ ಅಭ್ಯಾಸವಾದವಳು.

ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ನಾನು ಟ್ಯಾಬು ಅವರ ಕೈಗೆ ಕೊಟ್ಟು, ಪಾಸ್‌ವರ್ಡ್ ಒತ್ತುವಾಗ ಮುಖ ಗೋಡೆಗೆ ತಿರುಗಿಸಿ ಕೂರುತ್ತಿದ್ದೆ. ನನಗೂ ಗೊತ್ತಾಗಬಾರದು ನೋಡಿ, ಅಂಥ ಭದ್ರತೆ. ಅವರೋ ಅಕ್ಷರ ಹುಡುಕುತ್ತಾ, ಒಂದೊಂದನ್ನೂ ದೊಡ್ಡದಾಗಿ ಹೇಳಿಕೊಂಡೇ ಒತ್ತುತ್ತಿದ್ದರು. ಕೊಟ್ಟೂರು, ಕೂಡ್ಲಿಗಿಯವರೆಲ್ಲ ಕೊಟ್ಟೂರೇಶ್ವರ. ಹರಪನಹಳ್ಳಿ ಕಡೆಯವರೆಲ್ಲ ಉಚ್ಚಂಗೆಮ್ಮ. ಇನ್ನೇನಿಟ್ಟಾರು? ಬಾಗಿಲ ಮೇಲೆ, ಟ್ರ್ಯಾಕ್ಟರಿನ ಹಣೆಯ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ಯಾರ ಹೆಸರಿದೆಯೋ ಬೀಗಕ್ಕೂ ಅದೇ. ಕಾಯುವ ಕೆಲಸ ದೇವರದೇ ತಾನೆ ಎಂದು ನಾನೂ ಗಡ್ಡದವನ ಎಚ್ಚರಿಕೆಯನ್ನು ಮರೆತೆ.

ಮೊದಲ ವಾರವೇ ಬಂತು ಗ್ರಹಚಾರ. ಕೊಟ್ಟೂರಿನ ಒಬ್ಬ ಬಟ್ಟೆ ಅಂಗಡಿಯ ಯಜಮಾನತಿ ಮನೆಯಲ್ಲಿ ಕೂತು ಭಕ್ತಿಯಿಂದ ಪಾಸ್‌ವರ್ಡ್ ಒತ್ತಿದರೆ, ತೆರೆದದ್ದು ಕೂಡ್ಲಿಗಿಯ ಒಂದು ಹೆಣ್ಣಿನವರ ಪುಟ. ಅಲ್ಲಿ ಆಕೆಯ ಮಗನೇ ವರನಾಗಿ ಕೂತಿದ್ದ. ಹೆಣ್ಣಿನವರಿಗೆಂದು ನಾನು ಅವನ ಫೋಟೋದ ಕೆಳಗೆ ಪ್ರಾಮಾಣಿಕವಾಗಿ ಎರಡು ಮಾತು ಬರೆದಿದ್ದೆ: "ಹುಡುಗ ಒಳ್ಳೆಯವನು. ತಾಯಿ ಜೋರು."

ಮರುದಿನ ಮೊದಲ ಬಸ್ಸಿಗೇ ಆಕೆ ಬಂದಿಳಿದಳು.

"ನಾ ಜೋರಾ? ಯಾರಿಗೆ ಜೋರ್ ಮಾಡೀನಿ ನಾನು? ಯಾರಂದ್ರು ಹೇಳ್ರಿ, ಅವರ ಮನಿ ಬಾಗಿಲಿಗೆ ಹೋಗಿ ಕೇಳ್ತೀನಿ!" ಎಂದ ದನಿಗೆ ಎದುರಿನ ಮನೆಯವರು ಬಾಗಿಲು ತೆರೆದು ನೋಡಿದರು. ಯಜಮಾನರು ಪೇಪರನ್ನು ಇನ್ನಷ್ಟು ಮೇಲೆತ್ತಿಕೊಂಡರು. ನಾನು ಬರೆದದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ, ಆದರೆ ಹಾಗೆನ್ನುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಹರಪನಹಳ್ಳಿ ಬಸ್ಸಿನಿಂದ ಒಬ್ಬರ ಫೋನು. "ಅಕ್ಕಾರ! ನಮ್ಮ ಪಾಸ್‌ವರ್ಡು ಉಚ್ಚಂಗೆಮ್ಮ ಅಲ್ಲೇನ್ರಿ? ಒತ್ತಿದ್ರ ಯಾರದೋ ಮನಿ ಹುಡುಗಿ ಬರ್ತಾಳಲ್ರಿ!" ಬಸ್ಸಿನೊಳಗಿಂದ ಇನ್ನೊಂದು ದನಿ, "ನಮ್ದೂ ಅದs ಐತ್ರೀ!" ಎಂದಿತು. ಕಂಡಕ್ಟರು ಸೀಟಿ ಊದಿದ್ದೂ ಕೇಳಿಸಿತು.

ಟೀಚರಿಗೆ ಈ ಸುದ್ದಿ ಹೇಳಲೇಬೇಕಾಯಿತು. "ನಂದೂ ಅದನ್ನs ಇಡ್ತಿದ್ದೆ," ಎಂದಳು. ಅವಳ ಫೋಟೋ ಆ ಬಸ್ಸಿನಲ್ಲಿ ತೆರೆದಿದ್ದರೆ, ಬಸ್ಸು ಹರಪನಹಳ್ಳಿ ಮುಟ್ಟುವ ಮೊದಲೇ ಸುದ್ದಿ ಅತ್ತೆಯ ಅಡುಗೆಮನೆ ಮುಟ್ಟುತ್ತಿತ್ತು. ನನಗೆ ಅಂದು ನಿಜಕ್ಕೂ ಹೆದರಿಕೆಯಾಯಿತು. ನನ್ನ ಸಿಂಪಲ್ ಪೋರ್ಟಲ್ಲಿನಿಂದ ಒಬ್ಬಳಿಗಿದ್ದ ಒಂದೇ ನೆರಳೂ ಹೋಗಿಬಿಡುತ್ತಿತ್ತು.

ಎಲ್ಲರನ್ನೂ ಕರೆಸಿ ಹೊಸ ಕಾನೂನು ಹೇಳಿದೆ. ದೇವರ ಹೆಸರು ಇಡಕೂಡದು. ಇನ್ನೇನಿಡಬೇಕೆಂದು ಕೇಳಿದರು. ಬಸ್ಸಿನ ಕೂಗಾಟ ಇನ್ನೂ ಕಿವಿಯಲ್ಲಿತ್ತು. "ನಿಮ್ಮ ಬಾಯಿಂದ ಯಾವತ್ತಿಗೂ ಹೊರಗ ಬರಬಾರದು, ಅಂಥಾ ಒಂದು ಮಾತು ಇಡ್ರಿ," ಎಂದೆ. ಬಹಳ ಬುದ್ಧಿವಂತಿಕೆಯ ಮಾತು ಆಡಿದೆನೆಂದು ಆ ದಿನವಿಡೀ ಬೀಗಿದೆ.

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಸೆರಗು ಬಾಯಿಗೆ ಹಿಡಿದು ನಕ್ಕರು, ಟ್ಯಾಬಿನ ಕಡೆ ಬಗ್ಗಿ ಸದ್ದಿಲ್ಲದೆ ಒತ್ತಿದರು. ಈ ಸಲ ಒಬ್ಬರೂ ಅಕ್ಷರಗಳನ್ನು ಹೇಳಿಕೊಳ್ಳಲಿಲ್ಲ. ನಾನು ಗೋಡೆ ನೋಡುತ್ತಾ, ಕೊನೆಗೂ ಇವರಿಗೆ ಗುಟ್ಟೆಂದರೇನೆಂದು ತಿಳಿಯಿತು ಎಂದುಕೊಂಡೆ.

ತಿಳಿದಿದ್ದರೆ ಕೇಳಿ. ಅವರೆಲ್ಲ ಇಟ್ಟದ್ದು ಗಂಡನ ಹೆಸರು.

ತಪ್ಪೇನಿದೆ ಹೇಳಿ. ನಮ್ಮ ಕಡೆ ಹೆಂಡತಿಯಾದವಳು ಬಾಯಿಬಿಟ್ಟು ಹೇಳಬಾರದ್ದು ಅದೊಂದೇ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವಳನ್ನು ತಿವಿದು ಅವಳಿಂದ ಹೇಳಿಸುತ್ತಾರೆ. ಮದುವೆಯಲ್ಲಿ ಹಟ ಹಿಡಿದು ಹೇಳಿಸಿದರೆ ಒಡಪು ಕಟ್ಟಿ, ನಾಲ್ಕು ಸಾಲಿನ ಪದ್ಯದ ನಡುವೆ ಹೆಸರನ್ನು ಬಚ್ಚಿಟ್ಟು, ಹೇಳಿದಂತೆಯೂ ಹೇಳದಂತೆಯೂ ಹೇಳಿ ಓಡಿಹೋಗುತ್ತಾರೆ. ಬೇರೆ ಗುಟ್ಟು ಅವರಲ್ಲಿ ಏನಿರುತ್ತದೆ? ಉಳಿದದ್ದೆಲ್ಲ ನಲ್ಲಿಯ ಹತ್ತಿರ ಹೇಳಿಯಾಗಿರುತ್ತದೆ.

ಹೋಗಲಿ, ಗಂಡಂದಿರ ಹೆಸರುಗಳಾದರೂ ಬೇರೆ ಬೇರೆಯೇ? ಕೊಟ್ಟೂರು, ಹಡಗಲಿ ಸೀಮೆಯ ಗಂಡಸರಲ್ಲಿ ಅರ್ಧಕ್ಕರ್ಧ ಜನಕ್ಕೆ ಅದೇ ಕೊಟ್ಟೂರೇಶ್ವರನ ಹೆಸರಿನ ತಲೆಯೋ ಬಾಲವೋ. ಮಾಗಳದ ಒಬ್ಬಾಕೆ ಮಗಳಿಗೆ ವರ ನೋಡೋಣವೆಂದು ಪುಟ ತೆರೆದರೆ ಹಡಗಲಿಯ ಒಬ್ಬಾಕೆ ತನ್ನ ಮಗನಿಗೆ ನೋಡಿಟ್ಟ ಹೆಣ್ಣುಗಳು ಸಾಲಾಗಿ ಕೂತಿದ್ದವು. ನಾನು ಚಾಪೆಯ ಕೆಳಗೆ ನುಸುಳಿದರೆ ಇವರು ರಂಗೋಲಿಯ ಕೆಳಗೆ ನುಸುಳಿದ್ದರು. ದೇವರನ್ನು ಮುಂಬಾಗಿಲಿನಿಂದ ಕಳಿಸಿದರೆ ಗಂಡನ ವೇಷದಲ್ಲಿ ಹಿತ್ತಲಿನಿಂದ ಬಂದುಬಿಟ್ಟಿದ್ದ.

"ನೀ ಏನ್ ಇಟ್ಟೀಯ ಪಾಸ್‌ವರ್ಡು?" ಎಂದರು ಯಜಮಾನರು. ಅಂದು ಮೊದಲ ಬಾರಿಗೆ ಪೇಪರ್ ಇಳಿಸಿದ್ದರು. ಮುಖದಲ್ಲಿ ಒಂದು ಬಗೆಯ ನಿರೀಕ್ಷೆಯಿತ್ತು.

"ನಮ್ಮ ತವರುಮನಿ ಎಮ್ಮಿ ಹೆಸರು," ಎಂದೆ. "ಕರೆದ್ರ ಎದ್ದು ಬರತಿತ್ತು."

ಅವರು ಪೇಪರ್ ಎತ್ತಿಕೊಂಡರು.

ಕಾನೂನಿಗೆ ಮತ್ತೊಂದು ತಿದ್ದುಪಡಿ: ಬಾಯಿಂದ ಹೊರಗೆ ಬರದ ಮಾತೇ ಇರಲಿ, ಆದರೆ ಗಂಡನ ಹೆಸರು ಬೇಡ. ಜಗಳಕ್ಕೆ ಬಂದ ಪುಟಗಳನ್ನೆಲ್ಲ ಬದಲಿಸಿದೆ. ಟೀಚರ ಪುಟ ಮಾತ್ರ ಬದಲಿಸಬೇಕಾಗಿ ಬರಲಿಲ್ಲ. ಈ ತಿದ್ದುಪಡಿಗೆ ಮುಂಚೆಯೇ ಅವಳೂ ಬಂದು ಹಾಕಿಸಿಹೋಗಿದ್ದಳು. ಒತ್ತುವಾಗ ನಾನು ಗೋಡೆ ನೋಡಿದ್ದೆ, ಅವಳು ಬಹಳ ಹೊತ್ತು ತೆಗೆದುಕೊಂಡಿದ್ದಳು. ಅವಳ ಪುಟಕ್ಕೆ ಬೇರೆ ಯಾರೂ ಹೋಗಿ ಬೀಳಲಿಲ್ಲ. ಏನಿಟ್ಟಿದ್ದಳೋ ಅದು ಈ ಐದು ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ಹೊಳೆದಿರಲಿಲ್ಲ. ಅವಳಿಗೆಂದು ಒಂದಿಷ್ಟು ಸಂಬಂಧಗಳನ್ನು ಆರಿಸಿ ಹಾಕಿದೆ. ಅವಳು ಕೊಟ್ಟಿದ್ದ ಫೋಟೋ ಮಾತ್ರ ಯಾವುದೋ ಅರ್ಜಿಗೆ ತೆಗೆಸಿದ್ದು. ಆ ಮುಖ ನೋಡಿದರೆ ಹೆಣ್ಣು ನೋಡಲು ಬಂದವರು ಹಾಜರಿ ಹೇಳಿ ಹೋಗಬೇಕು, ಹಾಗಿತ್ತು. ಬೇರೆ ಕೊಡು ಎಂದರೆ "ಇರೋದು ಅದೊಂದs ರಿ" ಎಂದಿದ್ದಳು.

ಇಷ್ಟೆಲ್ಲ ಆಗಿ ಪೋರ್ಟಲ್ ಒಂದು ಹದಕ್ಕೆ ಬಂದಿತೆನ್ನುವಾಗ, ಒಂದು ಬೆಳಿಗ್ಗೆ ಒಬ್ಬ ವಯಸ್ಸಾದ ಹೆಂಗಸು ಬಂದರು. ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಫೋನು. ಹರಪನಹಳ್ಳಿಯಿಂದ ಬಂದೆ ಎಂದರು. ಕೂಡ್ರಿ ಎಂದು ಚಹಾ ಕೊಟ್ಟೆ.

"ತಂಗೀ, ನಿನ್ನ ಹತ್ರ ಗುಟ್ಟು ಗುಟ್ಟಾಗೇ ಇರ್ತೈತಂತ ಕೇಳೀನಿ," ಎಂದರು.

ನಮ್ಮ ಯಜಮಾನರಿಗೆ ಕೆಮ್ಮು ಬಂತು. ನಾನು ಕೇಳಿಸದವಳಂತೆ, "ಹೇಳ್ರಿ ಅಮ್ಮ, ಯಾರಿಗೆ ನೋಡಬೇಕು?" ಎಂದೆ.

"ನಮ್ಮ ಸೊಸಿಗೆ."

ನಾನು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟೆ.

"ಟೀಚರ್ ಅದಾಳ. ಚಿನ್ನದಂಥಾಕಿ. ನನ್ನ ಮಗ ಹೋಗ್ಯಾನ, ಅಕಿ ಯಾಕ ಅವನ ಹಿಂದ ಹೋಗಬೇಕು? ನಾ ಇರೋತನಕ ನಾ ಅದೀನಿ. ನಾ ಹ್ವಾದ ಮ್ಯಾಲ? ಸಾಲಿಯಿಂದ ಬಂದು ಬೀಗ ತಗದು ಒಬ್ಬಾಕಿನs ಕೂತು ಉಣ್ಣಬೇಕಲ್ಲ. ಅದನ್ನ ನೆನಸಿಕೊಂಡ್ರ ನನಗ ತುತ್ತು ಇಳಿಯಂಗಿಲ್ಲ." ಆಮೇಲೆ ಮೇಜಿನ ಮೇಲೆ ಬಗ್ಗಿದರು. "ಆದ್ರ ಅಕಿಗೆ ಗೊತ್ತಾಗಬಾರದು. ಗೊತ್ತಾದ್ರ, ಅತ್ತಿ ನನ್ನ ಮನಿಯಿಂದ ಹೊರಗ ಹಾಕಾಕ ಹತ್ಯಾಳ ಅಂದುಕೊಂತಾಳ. ಬಾಯಿ ಬಿಟ್ಟು ಅನ್ನಂಗಿಲ್ಲ ಅಕಿ, ಮನಸಿನ್ಯಾಗ ಅಂತಾಳ. ಅಕಿನ್ನ ಬಿಟ್ರ ನನಗ ಯಾರದಾರವ್ವ?"

ಇದೇ ಕುರ್ಚಿ, ಇದೇ ಮಾತು. ಊರಿನ ಎಲ್ಲ ಸುದ್ದಿಯನ್ನೂ ಹೊತ್ತು ತಿರುಗುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ, ಅಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳಬೇಕಾಯಿತು. ಹೇಳಿದರೆ ಸೊಸೆಗೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಒಂದೇ ಮನೆಯ ಇಬ್ಬರು ಹೆಂಗಸರು ಒಂದೇ ಒಲೆಯ ಎರಡು ಕಡೆ ಕೂತು, ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಬಚ್ಚಿಡುತ್ತಾ ಕಾಲ ಕಳೆಯುತ್ತಾರೆ. ಪಾಸ್‌ವರ್ಡ್ ಎಂಬ ಪೀಡೆಯನ್ನು ಯಾಕಾದರೂ ತಂದೆನೋ ಎಂದು ಸಿಟ್ಟು ಬಂತು.

ಆದರೂ ಕಾನೂನು ಕಾನೂನೇ. ಹೊಸ ಗಿರಾಕಿ ಬಂದರೆ ಮಾಡುವುದನ್ನೇ ಮಾಡಿದೆ. ಆಕೆಯ ಹೆಸರಿನಲ್ಲಿ ಒಂದು ಖಾಲಿ ಪುಟ ತೆರೆದು ಟ್ಯಾಬನ್ನು ಮುಂದಿಟ್ಟೆ. "ಇದಕ್ಕೊಂದು ಮಾತು ಒತ್ತ್ರಿ ಅಮ್ಮ. ದೇವರ ಹೆಸರು ಬ್ಯಾಡ, ಯಜಮಾನರ ಹೆಸರೂ ಬ್ಯಾಡ. ನಿಮ್ಮ ಬಾಯಿಂದ ಹೊರಗ ಬರದಂಥಾದ್ದು."

ಆಕೆ ಟ್ಯಾಬನ್ನು ಹತ್ತಿರ ಎಳೆದುಕೊಂಡರು.

"ಅಂಥಾದ್ದು ಒಂದು ಐತಿ. ಮೂರ್ ಹೊತ್ತೂ ಕರಿತಿದ್ದೆ. ಈಗ ಗಂಟಲಿಂದ ಮ್ಯಾಲ ಬರಂಗಿಲ್ಲ," ಎಂದು ಬೆರಳಿನ ತುದಿಯಿಂದ ಒತ್ತಿದರು. ಎರಡೇ ಅಕ್ಷರವಿರಬೇಕು, ಬೇಗ ಮುಗಿಯಿತು. ನಾನು ಗೋಡೆ ನೋಡುತ್ತಿದ್ದೆ.

ಗಂಡಂದಿರ ಹೆಸರಿನ ಗಲಾಟೆಯಾದ ಮೇಲೆ, ಹೊಸ ಪುಟವನ್ನು ಒಮ್ಮೆ ತೆರೆಸಿ ತೋರಿಸಿಯೇ ಕಳಿಸುವ ಪದ್ಧತಿ ಮಾಡಿಕೊಂಡಿದ್ದೆ. "ಇನ್ನೊಮ್ಮೆ ಅದನ್ನs ಒತ್ತ್ರಿ, ನಿಮ್ಮ ಪುಟ ಬರ್ತೈತಿ," ಎಂದೆ. ಒತ್ತಿದರು. ಸದ್ದಿಲ್ಲ. ತಿರುಗಿ ನೋಡಿದೆ.

ಟ್ಯಾಬಿನಲ್ಲಿ ಟೀಚರು ಅರ್ಜಿಯ ಫೋಟೋದಲ್ಲಿ ನೆಟ್ಟಗೆ ಕೂತು ಅತ್ತೆಯನ್ನು ನೋಡುತ್ತಿದ್ದಳು.

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಕೈಚಾಚಿ ಟ್ಯಾಬು ಕಸಿದುಕೊಳ್ಳಲು ಹೋದೆ. ಆಕೆ ಬಿಡಲಿಲ್ಲ. ಬಯೋಡಾಟಾವನ್ನು ಅಕ್ಷರ ಕೂಡಿಸಿ ಓದಿದರು. "ಎರಡನೇ ಸಂಬಂಧಕ್ಕೆ" ಎಂಬಲ್ಲಿ ಬೆರಳು ನಿಂತಿತು. ಕೆಳಗೆ, ಬರುವ ಸಂಬಂಧದವರಿಗೆ ಅವಳೇ ಬರೆಸಿದ್ದ ಒಂದು ಷರತ್ತಿತ್ತು: "ಅತ್ತೆಯವರನ್ನು ನೋಡಿಕೊಳ್ಳಲು ಒಪ್ಪಬೇಕು." ಅದನ್ನು ಎರಡು ಸಲ ಓದಿದರು.

"ಅಕಿ ತಾನs ಬಂದಿದ್ಳಾ?"

ಇನ್ನು ಬಚ್ಚಿಡುವುದೇನು. ಹೌದೆಂದೆ.

"ಅಕಿ ಇಲ್ಲಿ ಏನಂತ ಒತ್ಯಾಳ?"

"ನೀವು ಏನ್ ಒತ್ತೀರೋ ಅದನ್ನs ರಿ. ಇಲ್ಲಂದ್ರ ಇದು ತೆರಿತಿರಲಿಲ್ಲ."

ಆಕೆ ಫೋಟೋದ ಮೇಲೆ ಕೈಯಾಡಿಸಿದರು. "ಮದುವಿಯಾಗ ಎಲ್ಲಾರೂ ಹಟ ಹಿಡಿದ್ರೂ ಒಡಪು ಹೇಳಲಿಲ್ಲ ಅಕಿ, ನಾಚಿಕಿ. ಒಂದ್ ದಿನಾನೂ ಅಕಿ ಬಾಯಾಗ ಅವನ ಹೆಸರು ಕೇಳಿಲ್ಲ. ನಾ ಮನಿಯಾಗ ಕರಿಯೋ ಹೆಸರು ಅದು. ಮರತಾಳ ಅಂದುಕೊಂಡಿದ್ದೆ ತಂಗೀ."

ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಕಾನೂನಿನ ಪ್ರಕಾರ ಗಂಡನ ಹೆಸರು ಇಡಬಾರದಿತ್ತು ಎನ್ನುವುದೂ ನೆನಪಾಯಿತು. ಮುಂಚೆ ಇಟ್ಟದ್ದಕ್ಕೆ ಕಾನೂನು ಅನ್ವಯಿಸುವುದಿಲ್ಲವೆಂದು ಅಲ್ಲೇ ತೀರ್ಪು ಕೊಟ್ಟುಕೊಂಡೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಸಂತೆಗೆ ಬಂದವರ ಹಾಗೆ ವರಗಳನ್ನು ಒಂದೊಂದಾಗಿ ನೋಡತೊಡಗಿದರು. ಹುಡುಗನ ಮುಖ, ನೌಕರಿ, ಹೊಲ ಒಂದನ್ನೂ ಕೇಳಲಿಲ್ಲ. "ಇವನ ಅವ್ವ ಹೆಂಗ?" ಎಂದೇ ಕೇಳಿದ್ದು. ಹಡಗಲಿಯ ಒಬ್ಬನನ್ನು, "ಇವನ ಅವ್ವ ನನಗ ಗೊತ್ತು, ಸೊಸಿ ತಾಟಿನ್ಯಾಗ ಎಷ್ಟು ಅನ್ನ ಐತಿ ಅಂತ ನೋಡ್ತಾಳ, ಬ್ಯಾಡ," ಎಂದು ತಳ್ಳಿದರು. ಇನ್ನೊಬ್ಬನ ಫೋಟೋದ ಕೆಳಗೆ "ತಾಯಿ ಜೋರು" ಎಂದು ಓದಿ, "ಹಿಂಗ ಬರಿಯೋದು ಚಲೋ ಪದ್ಧತಿ," ಎಂದು ಮೆಚ್ಚಿಕೊಂಡರು. ನನ್ನ ಪೋರ್ಟಲ್ಲಿಗೆ ಸಿಕ್ಕ ಹೊಗಳಿಕೆ ಇದೊಂದೇ.

ಕೊನೆಗೆ ಬಟ್ಟೆ ಬಿಚ್ಚಿ ಫೋನು ತೆಗೆದರು. ಹಳೆಯದು, ಗಾಜು ಒಡೆದಿತ್ತು, ಆದರೆ ಚಾರ್ಜು ತುಂಬಿತ್ತು.

"ಅವನ ಫೋನು. ದಿನಾ ಚಾರ್ಜಿಗೆ ಹಾಕ್ತೀನಿ. ಇದ್ರಾಗ ಅಕಿದೊಂದು ಫೋಟೋ ಐತಿ, ಅದನ್ನ ಹಾಕು. ನೀ ಹಾಕಿದ್ದು ನೋಡಿದ್ರ ಯಾರು ಒಪ್ತಾರ?"

ಉಚ್ಚಂಗಿದುರ್ಗದ ಮೆಟ್ಟಿಲ ಮೇಲೆ, ಗಾಳಿಗೆ ಹಾರುವ ಸೆರಗನ್ನು ಹಿಡಿಯಲು ಹೋಗಿ ಹಿಡಿಯಲಾಗದೆ ಟೀಚರು ಬಾಯ್ತುಂಬ ನಗುತ್ತಿದ್ದಳು. ನಗಿಸಿದವನು ಫೋಟೋದಲ್ಲಿರಲಿಲ್ಲ, ಫೋಟೋ ತೆಗೆಯುತ್ತಿದ್ದ. ಅದನ್ನೇ ಹಾಕಿದೆ. ಆಕೆಗೆಂದು ತೆರೆದ ಹೊಸ ಪುಟವನ್ನು ಅಳಿಸಿದೆ. ಪಾಸ್‌ವರ್ಡ್ ಬದಲಿಸಲೇ ಎಂದು ಕೇಳಿದ್ದಕ್ಕೆ, "ಬ್ಯಾಡ. ನಾ ಬಂದಿದ್ದೂ ಹೇಳಬ್ಯಾಡ. ಅಕೀಗೆ ತಿಳಿತೈತಿ," ಎಂದು ಬಸ್ಸಿಗೆ ಹೊರಟುಹೋದರು.

ಸಂಜೆ ಫೋನು ಬಂತು. ಟೀಚರು.

"ಅಕ್ಕಾರ, ಫೋಟೋ ಬದಲಿ ಆಗೈತಲ್ರಿ," ಎಂದಳು. "ಇದು ಎಲ್ಲಿಂದ ಬಂತು? ಇದು ಅವರ ಫೋನಿನ್ಯಾಗ ಮಾತ್ರ ಇತ್ತು. ಆ ಫೋನು ಅತ್ತಿ ಹತ್ರ..."

"ಹಾಕಿದಾಕಿ ನಾನು. ಕೊಟ್ಟವರು ಬ್ಯಾರೆ," ಎಂದೆ. "ಆ ಪುಟ ತೆಗೀಬೇಕಂದ್ರ ನೀ ಇಟ್ಟ ಮಾತು ಗೊತ್ತಿರಬೇಕವ್ವ. ಅಷ್ಟs ನಾ ಹೇಳೋದು."

ಆಚೆ ಕಡೆ ಹಿಂದೆ ಎಲ್ಲೋ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು. "ಯಾರವ್ವ ಫೋನಿನ್ಯಾಗ? ಬಾ, ಬಿಸಿ ಐತಿ, ಉಣ್ಣು," ಎಂದು ಅತ್ತೆಯ ದನಿ ಕೂಗಿತು.

ಟೀಚರು ಫೋನು ಇಡಲಿಲ್ಲ, ಕಿವಿಯಿಂದ ಇಳಿಸಿದಳಷ್ಟೆ. ಅವಳು ಅತ್ತೆಯ ಕಡೆ ತಿರುಗಿ ಕೇಳಿದ್ದು ನನಗೂ ಕೇಳಿಸಿತು. "ಅತ್ತಿ, ನೀವೂ ಅದನ್ನs ಒತ್ತಿದ್ರಾ?" ಎಂದು, ಅಳುತ್ತಲೇ, ಆ ಎರಡು ಅಕ್ಷರಗಳನ್ನು ಬಾಯಿಬಿಟ್ಟು ಹೇಳಿದಳು. ಒಡಪಿಲ್ಲ, ಪದ್ಯವಿಲ್ಲ. ಆಮೇಲೆ ಅತ್ತೆಯೂ ಹೇಳಿದರು. ಇಬ್ಬರೂ ಅದನ್ನೇ ಹೇಳುತ್ತಾ ಅಳುವುದು ಕೇಳಿ ನಾನೇ ಫೋನು ಇಟ್ಟೆ.

ಮದುವೆ ಇನ್ನೂ ಆಗಿಲ್ಲ. ಈಗ ಅವರಿಬ್ಬರೂ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಟ್ಯಾಬಿಗೆ ತಲೆ ಕೊಟ್ಟು ಕೂರುತ್ತಾರೆ. ಸೊಸೆ ಒಪ್ಪಿದವನನ್ನು ಅತ್ತೆ ಅವನ ತಾಯಿಯ ಕಾರಣಕ್ಕೆ ತಳ್ಳುತ್ತಾರೆ. ಯಜಮಾನರು ಇದನ್ನು ನೋಡಿ, "ಕೀಲಿ ಹಾಕಿದ್ದು ಚಲೋನs ಆತು ನೋಡು," ಎನ್ನುತ್ತಾರೆ, ತಾವೇ ಹಾಕಿದವರ ಹಾಗೆ. ಆ ಎರಡು ಅಕ್ಷರಗಳು ಯಾವುವು ಎಂದು ನೀವು ಕೇಳಬಹುದು. ಇಲ್ಲಿ ಬರೆಯುವುದಿಲ್ಲ. ಆ ಪುಟ ಇನ್ನೂ ಅದರಿಂದಲೇ ತೆರೆಯುತ್ತದೆ.